ಎರಡು ಬೀಗದ ತೂಬು

ಗಿರಣಿಯವಳಿಗೆ ಯಾರಾದರೂ 'ಚೆನ್ನಾಗಿದ್ದೀಯಾ?' ಎಂದು ಕೇಳಿದರೆ ಅವಳು 'ಯಾಕೆ, ಏನು ವಿಷಯ?' ಎನ್ನುತ್ತಿದ್ದಳು. ಹಿಟ್ಟು ಬೀಸಿಸಲು ಬಂದವರ ಮೂಟೆಗೆ ಮೊಣಕೈವರೆಗೆ ಕೈಯಿಳಿಸಿ ಅಡಿಯಲ್ಲಿ ಕಲ್ಲು ತುಂಬಿದ್ದಾರೋ ನೋಡದೆ ಅವಳು ಬೀಸುವ ಕಲ್ಲನ್ನು ತಿರುಗಲು ಬಿಟ್ಟವಳೇ ಅಲ್ಲ. ಊರಿನವರು ಅವಳ ಬೆನ್ನ ಹಿಂದೆ ನಗುತ್ತಿದ್ದರು. ಎದುರಿಗೆ ನಗಲು ಧೈರ್ಯವಿರಲಿಲ್ಲ, ಏಕೆಂದರೆ ಹಿಟ್ಟಿನ ಗಿರಣಿ ಊರಿಗೆ ಅದೊಂದೇ. ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರಲ್ಲ, ಆ ಮಾತು ಹುಟ್ಟಿದ್ದು ಇವಳನ್ನು ನೋಡಿಯೇ ಇರಬೇಕು.

ಅವಳ ಅನುಮಾನಗಳಲ್ಲೆಲ್ಲ ದೊಡ್ಡದು, ಹಳೆಯದು, ದಿನವೂ ನೀರು ಗೊಬ್ಬರ ಹಾಕಿ ಬೆಳೆಸಿದ್ದು ಭಾವನ ಮೇಲಿನದು. ಭಾವ ಎಂದರೆ ಗಂಡನ ಅಣ್ಣ, ಹಳ್ಳದ ಆಚೆ ದಡದಲ್ಲಿ ಮರ ಕೊಯ್ಯುವ ಮಿಲ್ಲಿನವನು. ಆ ಕಥೆ ಹೇಳಬೇಕಾದರೆ ಮೊದಲು ಕೆರೆಯ ವಿಷಯ ಹೇಳಬೇಕು.

ಊರಿನ ಮೇಲೆ, ಕಣಿವೆಯ ತಲೆಯಲ್ಲಿ ಒಂದು ಕೆರೆ. ಅದನ್ನು ಯಾವ ರಾಜನೂ ಕಟ್ಟಿಸಿದ್ದಲ್ಲ. ಒಂದಾನೊಂದು ಕಾಲದಲ್ಲಿ ಬೆಟ್ಟದ ಹಿಮವೇ ಕಣಿವೆಗೆ ಜಾರಿ ಬಂದು, ಕಸ ಗುಡಿಸಿದ ಹಾಗೆ ಕಲ್ಲು ಮಣ್ಣನ್ನೆಲ್ಲ ಮುಂದೆ ತಳ್ಳಿ, ಒಂದು ದೊಡ್ಡ ದಿಬ್ಬ ಮಾಡಿ ಬಿಟ್ಟು, ತಾನು ಮೆಲ್ಲಗೆ ಹಿಂದೆ ಸರಿದಿತ್ತು. ಕರಗಿದ ನೀರು ದಿಬ್ಬದ ಹಿಂದೆ ನಿಂತು ಕೆರೆಯಾಯಿತು. ದಿಬ್ಬವನ್ನು ಊರಿನವರು ಏರಿ ಎಂದೇ ಕರೆಯುತ್ತಿದ್ದರು. ಅಜ್ಜಂದಿರ ಕಾಲದಲ್ಲಿ ಹಿಮ ಕೆರೆಯ ನೀರಿಗೆ ಮೂತಿ ಹಾಕಿಕೊಂಡು ಬಿದ್ದಿರುತ್ತಿತ್ತಂತೆ. ಈಗ ಅದು ಬೆಟ್ಟದ ಹೆಗಲ ಮೇಲಕ್ಕೆ ಹತ್ತಿಬಿಟ್ಟಿತ್ತು, ಬಿಟ್ಟುಹೋದ ಜಾಗವನ್ನೆಲ್ಲ ಕೆರೆ ನುಂಗಿಕೊಂಡಿತ್ತು. ನೀರು ಮಾತ್ರ ಯಾವತ್ತೂ ತಿಳಿಯಾಗಿರುತ್ತಿರಲಿಲ್ಲ, ಹಾಲು ಬೆರೆಸಿದ ಹಾಗೆ ಬೆಳ್ಳಗೆ. ಹಿಮ ಬಂಡೆಯನ್ನು ಉಜ್ಜಿ ಉಜ್ಜಿ ನುಣ್ಣನೆಯ ಪುಡಿ ಮಾಡಿ ನೀರಿಗೆ ಬಿಡುತ್ತದೆ. 'ಮೇಲೆ ಕೂತಿರೋದೂ ಒಂದು ಗಿರಣಿನೇ, ಏನು ಹಾಕಿದ್ರೂ ಬೀಸುತ್ತೆ' ಎಂದು ಗಿರಣಿಯವಳ ಮಾವ ಹೇಳುತ್ತಿದ್ದ.

ಆ ಮಾವನೇ ಏರಿಯ ಒಂದು ಮೂಲೆ ಕಡಿದು ಕಬ್ಬಿಣದ ತೂಬು ಇಟ್ಟವನು. ಕೆಳಗೆ ಎರಡು ಕಾಲುವೆ: ಎಡದ್ದು ಹಿಟ್ಟಿನ ಗಿರಣಿಗೆ, ಬಲದ್ದು ಮರದ ಮಿಲ್ಲಿಗೆ. ಅವನ ಮಕ್ಕಳಿಬ್ಬರೂ ನೀರಿಗಾಗಿ ಹಾವು ಮುಂಗುಸಿಯಂತೆ ಕಚ್ಚಾಡಿ, ಒಮ್ಮೆ ಹಲಗೆಯಲ್ಲಿ ಹೊಡೆದಾಡಿಕೊಂಡು ತಮ್ಮನ ಹುಬ್ಬು ಸೀಳಿದ ಮೇಲೆ, ಮುದುಕ ತೂಬಿನ ಚಕ್ರಕ್ಕೆ ಎರಡು ಬೀಗ ಜಡಿದ. ಒಂದೊಂದು ಬೀಗದ ಕೈ ಒಬ್ಬೊಬ್ಬ ಮಗನಿಗೆ. ಎರಡೂ ತೆಗೆದರೆ ಮಾತ್ರ ಚಕ್ರ ತಿರುಗಬೇಕು. ಮುದುಕ ಹೋದ, ಬೀಗಗಳು ಉಳಿದವು. ಮಕ್ಕಳು ಅಪ್ಪನ ಏರ್ಪಾಡನ್ನು ಅಪ್ಪನಿಗಿಂತ ಗಟ್ಟಿಯಾಗಿ ಹಿಡಿದರು. ನೀರು ಬಿಡುವ ದಿನ ಇಬ್ಬರೂ ಹತ್ತಿ ಬರಬೇಕು, ಅವರವರ ಬೀಗ ಅವರವರೇ ತೆಗೆಯಬೇಕು, ಜೊತೆಯಾಗಿ ಚಕ್ರ ತಿರುಗಿಸಬೇಕು, ಒಂದು ಮಾತೂ ಆಡದೆ ಇಳಿಯಬೇಕು. ಒಬ್ಬರ ಬೀಗದ ಕೈ ಇನ್ನೊಬ್ಬರ ಕೈಗೆ ಹೋಗುವ ಮಾತೇ ಇಲ್ಲ. ತಮ್ಮನಿಗೆ ಮೈ ಸುಡುವ ಜ್ವರವಿದ್ದಾಗ ಕಂಬಳಿ ಸುತ್ತಿ, ಕುದುರೆಯ ಮೇಲೆ ಕೂರಿಸಿ ತೂಬಿಗೆ ಹತ್ತಿಸಿದ್ದೂ ಉಂಟು. ಆಮೇಲೆ ಹಿಟ್ಟಿನ ಧೂಳು ಕುಡಿದು ಕುಡಿದು ಅವನ ಎದೆ ಸೋತು, ಬೀಗದ ಕೈ ಹೆಂಡತಿಯ ಕೊರಳಿಗೆ ಬಂತು. ಕಳ್ಳನ ಮೇಲೆ ಕಣ್ಣಿಡಲು ಅವಳಿಗಿಂತ ಯೋಗ್ಯರು ಯಾರಿದ್ದಾರೆ ಹೇಳಿ!

ಈ ಸಲದ ಬೇಸಿಗೆ ಯಾರೂ ಕಂಡಿರದ ಬೇಸಿಗೆ. ಮೇಲೆ ಹಿಮ ಬಿರಿದು ಬೀಳುವ ಸದ್ದು ಹಗಲೆಲ್ಲ ಕೇಳುತ್ತಿತ್ತು. ಹಿಮ ಕರಗಿದರೆ ಕೆರೆ ತುಂಬಬೇಕು, ತುಂಬಿ ಕೋಡಿ ಹರಿಯಬೇಕು. ಆದರೆ ಕೋಡಿ ಒಣಗಿತ್ತು. ಬಂಡೆಯ ಮೇಲೆ ಹೋದ ವಾರದ ನೀರಿನ ಗುರುತು ಕಪ್ಪಗೆ ಕಾಣುತ್ತಿತ್ತು, ನೀರು ಅದಕ್ಕಿಂತ ಒಂದು ಗೇಣು ಕೆಳಗಿತ್ತು. ಗಿರಣಿಯವಳು ಆ ಗುರುತನ್ನು ನೋಡಿದಳು, ಬೀಗ ನೋಡಿದಳು, ಹಳ್ಳದ ಆಚೆಯ ಮಿಲ್ಲಿನ ಕಡೆ ನೋಡಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

"ನಿಮ್ಮಣ್ಣ ಕಳ್ಳ ಕೀ ಮಾಡಿಸಿದಾರೆ" ಎಂದಳು ಮನೆಗೆ ಬಂದು.

ಗಂಡ ಜರಡಿ ಹಿಡಿಯುತ್ತಿದ್ದವನು ಕೆಮ್ಮಿದ. "ಬಿಸಿಲಿಗೆ ಆವಿ ಆಗಿರುತ್ತೆ ಬಿಡೇ."

"ಆವಿಯಂತೆ ಆವಿ! ಹಿಮ ಕರಗಿ ಧೋ ಅಂತ ಸುರೀತಾ ಇದೆ, ಒಳಗೆ ಬಂದಿದ್ದಕ್ಕಿಂತ ಜಾಸ್ತಿ ಆವಿ ಆಯ್ತಾ? ನೀವು ಒಳ್ಳೇತನ ಮಾಡ್ಕೊಂಡೇ ಕೆಟ್ರಿ."

"ಅಮ್ಮ, ದೊಡ್ಡಪ್ಪನಿಗೆ ಏರಿ ಹತ್ತಕ್ಕೆ ಮೊಣಕಾಲೇ ಬರಲ್ಲ" ಎಂದಳು ಮಗಳು.

"ಕದಿಯೋಕೆ ಹೊರಟರೆ ಎಲ್ಲರಿಗೂ ಕಾಲು ಬರುತ್ತೆ" ಎಂದಳು ತಾಯಿ.

ನೀರು ಕಮ್ಮಿಯಾದರೆ ಕಲ್ಲು ತಿರುಗುವುದಿಲ್ಲ, ಕಲ್ಲು ತಿರುಗದಿದ್ದರೆ ಒಲೆ ಉರಿಯುವುದಿಲ್ಲ. ಅವಳ ಹೊಟ್ಟೆಯುರಿ ಸುಮ್ಮನೆ ಹುಟ್ಟಿದ್ದಲ್ಲ, ಅದನ್ನು ಒಪ್ಪಬೇಕು. ಅನುಮಾನಕ್ಕೆ ಸಾಕ್ಷಿಗಳೂ ತಾವಾಗಿ ನಡೆದು ಬಂದವು. ಬೀಗ ರಿಪೇರಿಯವನು ಭಾವನ ಅಂಗಳದಲ್ಲಿ ಕೂತು ಚಹಾ ಕುಡಿಯುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಳು. ಓರಗಿತ್ತಿ, ಅವಳು ಅಕ್ಕ ಎಂದು ಕರೆಯುವವಳು, ಇದ್ದಕ್ಕಿದ್ದಂತೆ ಒಂದು ಬಟ್ಟಲು ಬೆಣ್ಣೆ ಕಳಿಸಿದಳು. ಬೆಣ್ಣೆ ಯಾಕೆ ಬಂತು? ಬಾಯಿ ಮುಚ್ಚಿಸಲಿಕ್ಕೆ. ಮೊದಲು ಬೆಕ್ಕಿಗೆ ಹಾಕಿ ನೋಡಿ, ಬೆಕ್ಕು ಮರುದಿನವೂ ಓಡಾಡಿಕೊಂಡಿದ್ದುದನ್ನು ಕಂಡ ಮೇಲೆ ಮನೆಯವರಿಗೆ ಬಡಿಸಿದಳು. ಎಲ್ಲಕ್ಕಿಂತ ಹೆಚ್ಚಾಗಿ, ಆ ಕುಂಟು ಮೊಣಕಾಲಿನ ಭಾವ ದಿನಾ ಬೆಳಿಗ್ಗೆ ಕೋಲೂರಿಕೊಂಡು, ಹೆಗಲ ಮೇಲೊಂದು ಗೋಣಿಚೀಲ ಹಾಕಿಕೊಂಡು ಏರಿಯ ಕಡೆ ಹೋಗುತ್ತಿದ್ದ.

ಅವಳು ಕಳ್ಳನನ್ನು ಹಿಡಿಯಲು ತನ್ನ ಕಸುಬಿನದೇ ಉಪಾಯ ಮಾಡಿದಳು. ತೂಬಿನ ಚಕ್ರದ ಮೇಲೆ, ಬೀಗಗಳ ಮೇಲೆ ನುಣ್ಣನೆಯ ಹಿಟ್ಟು ಉದುರಿಸಿ ಬಂದಳು. ಯಾರು ಮುಟ್ಟಿದರೂ ಬೆರಳಚ್ಚು ಉಳಿಯಬೇಕು. ಮರುದಿನ ಹೋಗಿ ನೋಡಿದರೆ ಹಿಟ್ಟು ಹಾಕಿದ ಹಾಗೇ ಇತ್ತು, ನೀರು ಮಾತ್ರ ಇನ್ನೂ ಇಳಿದಿತ್ತು. ಬೇರೆ ಯಾರಾದರೂ ಆಗಿದ್ದರೆ 'ಪಾಪ, ಭಾವ ಅಲ್ಲ' ಎಂದುಕೊಳ್ಳುತ್ತಿದ್ದರು. ಇವಳು ಚಕ್ರದ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತು, 'ಎಲಾ! ಕೆಲಸ ಮುಗಿಸಿ ಮತ್ತೆ ಹಿಟ್ಟು ಉದುರಿಸಿ ಹೋಗಿದಾನೆ. ಅದೂ ನನ್ನ ಗಿರಣಿ ಹಿಟ್ಟು!' ಎಂದುಕೊಂಡಳು.

ಆದರೆ ಅಲ್ಲಿಂದ ಇಳಿಯುವಾಗ ನಿಜವಾಗಿ ಏನೋ ಒಂದು ಅವಳ ಕಣ್ಣಿಗೆ ಬಿತ್ತು. ಏರಿಯ ಬುಡದಲ್ಲಿ, ಬಲಗಡೆ, ಭಾವನ ಕಾಲುವೆಗೆ ಹತ್ತಿರ, ಎರಡು ಬಂಡೆಗಳ ನಡುವೆ ಒಂದು ಒರತೆ. ಹೋದ ವರ್ಷ ಅಲ್ಲಿ ಒಣ ಕಲ್ಲಿತ್ತು. ಈಗ ತೋಳು ಗಾತ್ರದ ನೀರು ಗುಳುಗುಳು ಹೊರಗೆ ಬಂದು ಕಲ್ಲುಗಳ ಸಂದಿಯಲ್ಲಿ ಮಾಯವಾಗುತ್ತಿತ್ತು. ಬೀಗವೂ ಇಲ್ಲ, ಕಳ್ಳ ಕೀಯೂ ಇಲ್ಲ. ಪುಣ್ಯಾತ್ಮ ಏರಿಯ ಹೊಟ್ಟೆಗೇ ಪೈಪು ತೂರಿಸಿದ್ದಾನೆ! ಗೋಣಿಚೀಲದಲ್ಲಿ ಹೋಗುತ್ತಿದ್ದುದು ಅಗೆಯುವ ಸಾಮಾನು. ಎಲ್ಲವೂ ಕೂಡಿ ಬಂತು.

ಜಗಳ ತೆಗೆದರೆ ಭಾವ 'ನನಗೇನು ಗೊತ್ತು' ಎನ್ನುತ್ತಾನೆ. ಪಂಚಾಯಿತಿಗೆ ಹೋದರೆ ವರ್ಷಗಟ್ಟಲೆ ಎಳೆಯುತ್ತದೆ. ಅವಳು ಯಾರಿಗೂ ಹೇಳಲಿಲ್ಲ. ಗಿರಣಿಯ ಹಳೆಯ ಚೀಲಗಳಿಗೆ ಜೇಡಿಮಣ್ಣು ತುಂಬಿ ಹೊತ್ತುಕೊಂಡು ಹೋಗಿ, ಒರತೆಯ ಬಾಯಿಗೆ ತುರುಕಿ, ಹಿಮ್ಮಡಿಯಿಂದ ಒದ್ದು ಒದ್ದು ಕೂರಿಸಿ, ಮೇಲೆ ಚಪ್ಪಡಿ ಹೇರಿದಳು. ನೀರು ನಿಂತಿತು. ಮೂರ್ನಾಲ್ಕು ದಿನಗಳಲ್ಲಿ ಕೆರೆ ಮೇಲೇರಿ ಹಳೆಯ ಗುರುತನ್ನು ಮುಟ್ಟಿತು.

"ನೋಡಿದ್ರಾ, ಆವಿ ವಾಪಸ್ ಬಂದಿದೆ" ಎಂದಳು ಗಂಡನಿಗೆ. ಹೇಗೆ ಎಂದು ಅವನು ಕೇಳಿದರೆ ಉತ್ತರ ಕೊಡಲಿಲ್ಲ. ಗಂಡನೇ ಆದರೂ ಅವನ ಅಣ್ಣನ ತಮ್ಮ ತಾನೆ!

ನೀರು ಬಿಡುವ ದಿನ ಅವಳು ಭಾವನ ಮುಖವನ್ನು ಕದ್ದು ನೋಡಿದಳು. ಪೈಪು ಮುಚ್ಚಿಹೋದವನ ಮುಖ ಬಾಡಿರಬೇಕಿತ್ತು. ಅವನೋ ಮೀಸೆಯಡಿ ನಗುತ್ತಿದ್ದ. ನಿನ್ನ ಗುಟ್ಟು ನನಗೆ ಗೊತ್ತು ಎನ್ನುವಂಥ ನಗು. ಚಕ್ರ ಎಂದಿನಂತೆ ಸಲೀಸಾಗಿ ತಿರುಗಲಿಲ್ಲ, ಇಬ್ಬರೂ ಏದುಸಿರು ಬಿಡಬೇಕಾಯಿತು. ತೂಬಿನ ಕಂಬ ಒಂದು ಕಡೆಗೆ ವಾಲಿದ್ದನ್ನು ಅವಳು ಗಮನಿಸಿದಳು. 'ಬೀಗ ಮುರಿಯೋಕೆ ಕಂಬ ಅಲ್ಲಾಡಿಸಿದಾನೆ' ಎಂದು ಮನಸ್ಸಿನಲ್ಲೇ ಬರೆದಿಟ್ಟುಕೊಂಡಳು. ಅವನೂ ಕಂಬವನ್ನು ನೋಡಿ, ಅವಳನ್ನು ನೋಡಿ, 'ಹುಂ' ಎಂದ. ಇಬ್ಬರೂ ಬೀಗ ಹಾಕಿ ಬೇರೆ ಬೇರೆ ದಾರಿ ಹಿಡಿದು ಇಳಿದರು.

ಅದಾಗಿ ಒಂದು ಮಧ್ಯಾಹ್ನ, ಕಲ್ಲು ಭರ್‍ರೆಂದು ತಿರುಗುತ್ತಿರುವಾಗ, ಗಿರಣಿಯವಳು ಗಂಡನನ್ನೂ ಮಗಳನ್ನೂ ಕೆಲಸಕ್ಕೆ ಬಿಟ್ಟು, ತನ್ನ ಮುಚ್ಚಳ ನೆಟ್ಟಗಿದೆಯೇ ನೋಡಲು ಹೊರಟಳು. ಚಪ್ಪಡಿ ಇದ್ದಲ್ಲೇ ಇತ್ತು. ಆದರೆ ಅದರ ಮೇಲುಗಡೆ, ಪಕ್ಕದಲ್ಲಿ, ಅಲ್ಲೊಂದು ಇಲ್ಲೊಂದು ಕಡೆ ಏರಿಯ ಮೈ ಒದ್ದೆಯಾಗಿತ್ತು. ಕಾಲಿಟ್ಟಲ್ಲೆಲ್ಲ ನೆಲ ಮೆತ್ತಗೆ. ಎಡಗಡೆಯಿಂದ, ಅವಳದೇ ಕಾಲುವೆಯ ಕಡೆಯಿಂದ, ಯಾರೋ ಮುಲುಕುತ್ತಾ ಕಲ್ಲು ಎಳೆಯುವ ಸದ್ದು ಬಂತು. ಅವಳು ಬಂಡೆಯ ಮರೆಯಿಂದ ಇಣುಕಿದಳು. ಭಾವ ಮೊಣಕಾಲೂರಿ ಕೂತು ಗೋಣಿಚೀಲವನ್ನು ಒಂದು ಬಿಲಕ್ಕೆ ತುರುಕುತ್ತಿದ್ದ.

"ಸಿಕ್ಕಿಬಿದ್ರಿ ಭಾವ!" ಎಂದು ಅವಳು ಕಿರುಚಿದಳು. "ಆ ಕಡೆ ಪೈಪು ಮುಚ್ಚಿದ್ದಕ್ಕೆ ಈ ಕಡೆ ತೂತು ಕೊರೀತಿದ್ದೀರಾ?"

ಭಾವ ಬೆಚ್ಚಿ ತಿರುಗಿದ. ಮುಖ ಕೆಂಪೇರಿತು. "ನಾನು ಕೊರೀತಿದ್ದೀನಾ? ನಿನ್ನ ಕಾಲುವೆ ಬುಡದಲ್ಲಿ ಕಳ್ಳ ಒರತೆ ಮಾಡ್ಕೊಂಡೋಳು ನೀನು! ತಿಂಗಳಿಂದ ಮುಚ್ಚಿ ಮುಚ್ಚಿ ನನ್ನ ಬೆನ್ನು ಬಿದ್ದುಹೋಯ್ತು. ಮನೆ ಮಾತು ಬೀದಿಗೆ ಬರಬಾರದು ಅಂತ ಬಾಯಿ ಬಿಡಲಿಲ್ಲ."

"ನಾನಾ? ನಿಮ್ಮ ಕಡೆ ಒರತೆ ಇದೆಯಲ್ಲ, ನಾನೇ ಮುಚ್ಚಿದ್ದು!"

"ನನ್ನ ಕಡೆನಾ? ನನ್ನ ಕಡೆ ಎಲ್ಲಿದೆ?"

ಅವಳು ಬಲಗಡೆಗೆ ಕೈ ತೋರಿಸಿದಳು. ಅಷ್ಟರಲ್ಲೇ ಭಾವನ ಚೀಲ ತಾನಾಗಿ ಉಬ್ಬಿ ಹೊರಗೆ ನೆಗೆಯಿತು. ಹಿಂದೆಯೇ ನೀರು ನುಗ್ಗಿತು. ಅದು ಕೆರೆಯ ಹಾಲಿನಂಥ ನೀರಲ್ಲ, ಕಂದು ಬಣ್ಣದ ಗಟ್ಟಿ ರಾಡಿ. ಗಿರಣಿಯವಳು ಅಭ್ಯಾಸಬಲದಿಂದ ಅದರಲ್ಲಿ ಕೈ ಅದ್ದಿ ಬೆರಳಲ್ಲಿ ಉಜ್ಜಿದಳು. ಮೇಲಿನ ಹಿಮ ಬೀಸಿದ ನುಣ್ಣನೆಯ ಹಿಟ್ಟು ಅದರಲ್ಲಿರಲಿಲ್ಲ. ತರಿತರಿ ಮರಳು, ಜಲ್ಲಿ, ಹಸಿ ಮಣ್ಣು, ನಡುನಡುವೆ ಕಡಲೆ ಗಾತ್ರದ ಐಸ್ ಚೂರು. ಇದು ಕೆರೆಯದ್ದಲ್ಲ, ಏರಿಯ ಹೊಟ್ಟೆಯದು. ಹಿಮ ಹಿಂದೆ ಸರಿದಾಗ ಏರಿಯೊಳಗೆ ಹೂತುಹೋಗಿದ್ದ ಅದರದೇ ತುಂಡುಗಳು ಈ ಬಿಸಿಲಿಗೆ ಕರಗಿ, ಒಳಗೊಳಗೇ ಪೊಳ್ಳು ಬಿದ್ದು, ಕೆರೆ ತಾನೇ ದಾರಿ ಹುಡುಕಿಕೊಂಡಿತ್ತು. ಕದ್ದವರು ಯಾರೂ ಇರಲಿಲ್ಲ. ಏರಿ ಉಸಿರಾಡುತ್ತಿದ್ದ ಮೂಗಿನ ಎರಡೂ ಹೊಳ್ಳೆಗಳನ್ನು ಇಬ್ಬರು ಸೇರಿ, ಒಬ್ಬರಿಗೊಬ್ಬರು ಹೇಳದೆ, ಒತ್ತಿ ಮುಚ್ಚಿದ್ದರು.

ಭಾವ ಮೇಲೆ ನೋಡಿದ. ಏರಿಯ ನೆತ್ತಿಯಲ್ಲಿ ಒಂದು ಬಿರುಕು, ಅದರ ಕೆಳಗಿನ ಮಣ್ಣು ಗರ್ಭಿಣಿಯ ಹೊಟ್ಟೆಯಂತೆ ಮುಂದೆ ಬಂದಿತ್ತು.

"ತೂಬು ಪೂರ್ತಿ ಎತ್ತಬೇಕು" ಎಂದ ಅವನು. "ನೀರು ಇಳಿದಷ್ಟೂ ಒಳ್ಳೇದು. ಆದ್ರೆ ಇಬ್ಬರೂ ಹತ್ತಿದ್ರೆ ಕೆಳಗಿನೋರಿಗೆ ಹೇಳೋರ್ಯಾರು? ನನ್ನ ಕಾಲಲ್ಲಿ ಓಡಕ್ಕಾಗಲ್ಲ, ತೂಬು ಇಲ್ಲೇ ಇದೆ, ಹೆಂಗೋ ಹತ್ತತೀನಿ. ನೀನು ಓಡು. ನಿನ್ನ ಕೀ ಕೊಡು."

ಅವನು ಕೈ ಚಾಚಿದ.

ಗಿರಣಿಯವಳ ಕೈ ಕೊರಳಿನ ದಾರವನ್ನು ಹಿಡಿದುಕೊಂಡಿತು, ಹಿಡಿದೇ ಇತ್ತು. ಗಿರಣಿಯಲ್ಲಿ ಗಂಡನೂ ಮಗಳೂ ಇದ್ದರು. ಕಲ್ಲಿನ ಸದ್ದಿನಲ್ಲಿ ಅವರಿಗೆ ಸಿಡಿಲು ಬಡಿದರೂ ಕೇಳಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೂ ಬೆರಳು ಬಿಚ್ಚಲಿಲ್ಲ. ಒಳಗೆ ಕೂತ ಹಳೆಯ ದನಿ ಮಾತಾಡತೊಡಗಿತು: 'ನೋಡು, ಇದಕ್ಕೇ ಇಷ್ಟೆಲ್ಲ ನಾಟಕ. ಕೀ ಕೈಗೆ ಸಿಗೋವರೆಗೆ. ಒಂದು ಸಲ ಕೊಟ್ಟೆಯೋ, ನೀರು ಅವನದಾಯ್ತು.' ಅವಳು ಭಾವನ ಕಣ್ಣಿನಲ್ಲಿ ಮೋಸ ಹುಡುಕಿದಳು. ಅವನ ಅಂಗೈಯ ಗೆರೆಗಳಲ್ಲಿ ಮರದ ಹುಡಿ ತುಂಬಿಕೊಂಡಿತ್ತು. ಮೇಲಿಂದ ಒಂದು ಕಲ್ಲು ಉರುಳಿ ಅವರ ಪಕ್ಕದಲ್ಲೇ ಹಾದುಹೋಯಿತು. ಅವಳು ನಿಂತೇ ಇದ್ದಳು.

"ಕೊಡಮ್ಮಾ" ಎಂದ ಭಾವ.

ಅವಳು ಕೊಡಲಿಲ್ಲ.

ಭಾವ ಬೈಯಲಿಲ್ಲ. ಚಾಚಿದ ಕೈ ಹಿಂದೆ ತೆಗೆದು, ಸೊಂಟದಿಂದ ತನ್ನ ಬೀಗದ ಕೈಯನ್ನು ಬಿಚ್ಚಿ ಅವಳ ಮುಂದೆ ಹಿಡಿದ. "ಆಯ್ತು, ನನ್ನದನ್ನ ನೀನೇ ತಗೋ. ನೀನೇ ಹೋಗಿ ತೆಗಿ. ನಾನು ತೆವಳ್ಕೊಂಡಾದ್ರೂ ಇಳೀತೀನಿ. ಮೊಮ್ಮಕ್ಕಳು ಕೆಳಗಿದಾವೆ ಕಣಮ್ಮ."

ಅಪ್ಪ ಸತ್ತ ಮೇಲೆ ಆ ಬೀಗದ ಕೈಯನ್ನು ಅವನು ಯಾರಿಗೂ ಕೊಟ್ಟಿರಲಿಲ್ಲ. ಗಿರಣಿಯವಳು ಅದನ್ನು ಮುಟ್ಟಲಿಲ್ಲ. ಕೊರಳಿನ ದಾರ ಕಿತ್ತು ಅವನ ಕೈಯಲ್ಲಿ ತುರುಕಿ, ಸೀರೆ ಎತ್ತಿ ಕಟ್ಟಿ, ಕಲ್ಲು ಮುಳ್ಳು ನೋಡದೆ ಓಡಿದಳು.

ಆಮೇಲಿನದು ಊರಿಗೇ ಗೊತ್ತು. ಅವಳು ಕಿರುಚಿಕೊಂಡು ಬಂದಾಗ ಜನ ಮೊದಲು ನಂಬಲಿಲ್ಲ. ಎಷ್ಟೋ ಸಲ ಎಷ್ಟೋ ಬಗೆಯಾಗಿ ಕೂಗಾಡಿದವಳು ತಾನೆ! ಅವಳು ಗಿರಣಿಯ ಕಲ್ಲು ನಿಲ್ಲಿಸಿ, ಗಂಡನ ರಟ್ಟೆ ಹಿಡಿದು ಎಳೆದು, ಮಗಳನ್ನು ಮುಂದೆ ನೂಕಿ, ಹಳ್ಳದ ಕಾಲುಸಂಕ ದಾಟಿ ಅಕ್ಕನನ್ನೂ ಅವಳ ಮೊಮ್ಮಕ್ಕಳನ್ನೂ ಹೊರಡಿಸಿದಳು. ಊರಿನ ಉಳಿದವರು ಬಾಗಿಲಲ್ಲಿ ನಿಂತು 'ಏನಂತೆ, ಏನಂತೆ' ಎನ್ನುತ್ತಿದ್ದರು. ಅಷ್ಟರಲ್ಲಿ ಎರಡೂ ಕಾಲುವೆಗಳಲ್ಲಿ ದಡ ಮೀರಿ ನೀರು ಬಂತು. ಮೇಲೆ ಯಾರೋ ತೂಬು ಪೂರ್ತಿ ಎತ್ತಿದ್ದರು. ಆ ನೀರು ನೋಡಿದ ಮೇಲೆ ಯಾರೂ ಪೆಟ್ಟಿಗೆ ಪಾತ್ರೆ ಎನ್ನಲಿಲ್ಲ, ಮಕ್ಕಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದುರಿನ ಗುಡ್ಡ ಹತ್ತಿದರು. ಕೊನೆಯವರು ಹತ್ತಿ ಮುಗಿಸಿರಲಿಲ್ಲ, ಏರಿ ಹೋಯಿತು. ಸದ್ದು ಮೊದಲು, ಮಣ್ಣಿನ ವಾಸನೆ ಆಮೇಲೆ, ನೀರು ಎಲ್ಲಕ್ಕಿಂತ ಆಮೇಲೆ ಬಂತು. ಮನೆಯಷ್ಟು ದೊಡ್ಡ ಬಂಡೆಗಳು ಉರುಳಿಕೊಂಡು ಬಂದವು. ಸಂಜೆಯ ಹೊತ್ತಿಗೆ ಗಿರಣಿ ಇದ್ದಲ್ಲಿ ಗಿರಣಿಯಿಲ್ಲ, ಮಿಲ್ಲು ಇದ್ದಲ್ಲಿ ಮಿಲ್ಲಿಲ್ಲ. ಹಳ್ಳ ತನ್ನ ಹಳೆಯ ದಾರಿ ಬಿಟ್ಟು ಊರಿನ ನಡುವೆ ಹೊಸದೊಂದು ಹಾಸಿಕೊಂಡಿತ್ತು. ಒಬ್ಬನನ್ನು ಬಿಟ್ಟು ಎಲ್ಲರೂ ಬದುಕಿದ್ದರು.

ಭಾವ ಸಿಗಲೇ ಇಲ್ಲ.

ಗುಡ್ಡದ ಮೇಲಿನ ಶಾಲೆಯ ಕೋಣೆಗಳಲ್ಲಿ ಊರು ಉಳಿದುಕೊಂಡಿತು. ಅಲ್ಲಿ ಬೆಂಚುಗಳನ್ನು ಗೋಡೆಗೆ ಸರಿಸಿ, ಚಾಪೆ ಹಾಸಿ, ಒಬ್ಬರ ಮಾತು ಒಬ್ಬರಿಗೆ ಕೇಳುವಷ್ಟು ಹತ್ತಿರ ಮಲಗಬೇಕಿತ್ತು. ಮಾತು ಹುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ತೂಬಿಗೆ ಎರಡು ಬೀಗ. ಅವನೊಬ್ಬನೇ ಹೇಗೆ ತೆಗೆದ? ಇವಳು ಏರಿಯ ಹತ್ತಿರ ಯಾಕಿದ್ದಳು? ಜೊತೆಗೆ ಹತ್ತಿದ್ದಳೇನೋ, ಬೀಗ ತೆಗೆದು ಅವನನ್ನು ಅಲ್ಲೇ ಬಿಟ್ಟು ಓಡಿ ಬಂದಳೇನೋ. ತಳ್ಳಿದಳೇನೋ ಎಂದೂ ಯಾರೋ ಅಂದರು. ಗಿರಣಿಯವಳು ಬಂದರೆ ಕೋಣೆಯಲ್ಲಿ ಮಾತು ನಿಲ್ಲುತ್ತಿತ್ತು. ಊರೆಲ್ಲ ತನ್ನನ್ನು ನೋಡುವ ನೋಟ ಯಾವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ಎಲ್ಲರೆದುರಿಗೇ ಬಂದು ಅವಳ ಮುಂದೆ ಕೂತಳು. ಅಳುವುದು ಮುಗಿದ ಮುಖ.

"ನಿನ್ನ ಬೀಗ ಯಾರು ತೆಗೆದದ್ದು?"

"ಭಾವನೇ. ನಾನು ಕೀ ಅವರಿಗೆ ಕೊಟ್ಟೆ ಅಕ್ಕ."

"ನೀನು ಕೊಟ್ಟೆ?" ಅಕ್ಕನ ತುಟಿ ಸೊಟ್ಟಗಾಯಿತು. "ಹೆರಿಗೆ ಮಾಡಿಸೋಕೆ ಬಂದ ಸೂಲಗಿತ್ತಿ ಚೀಲಾನೂ ತಡಕಿದೋಳು ನೀನು. ನಮ್ಮನೆಯೋರು ಕೀ ಕೇಳಿದ್ರು, ನೀನು ತಗೊಳ್ಳಿ ಭಾವ ಅಂತ ಕೊಟ್ಟುಬಿಟ್ಟೆ. ನಾನು ಇದನ್ನ ನಂಬಬೇಕು?"

ಕೋಣೆಯಲ್ಲಿ ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಗಂಡ ಮೆಲ್ಲಗೆ ಅವಳ ತೋಳು ಒತ್ತಿ, "ಹೂಂ ಅನ್ನು, ಮುಗೀಲಿ" ಎಂದ. ಹೂಂ ಎಂದರೆ ಮುಗಿಯುತ್ತಿತ್ತೋ ಏನೋ. ಗಿರಣಿಯವಳು ತನ್ನ ಕೈಗಳನ್ನು ನೋಡಿಕೊಂಡಳು.

"ಇಲ್ಲ ಅಕ್ಕ, ಹಂಗೆ ಕೊಡಲಿಲ್ಲ. ಕೇಳಿದ ಕೂಡಲೇ ಕೊಡಲಿಲ್ಲ. ಮೋಸ ಅಂದ್ಕೊಂಡೆ. ಕೀ ಹೊಡ್ಕೊಳ್ಳೋಕೆ ನಾಟಕ ಆಡ್ತಿದಾರೆ ಅಂದ್ಕೊಂಡೆ. ಮೇಲಿಂದ ಕಲ್ಲು ಉರುಳ್ತಾ ಇತ್ತು, ನಾನು ದಾರ ಹಿಡ್ಕೊಂಡು ನಿಂತಿದ್ದೆ. ಎರಡನೇ ಸಲ ಕೇಳಿದ್ರು, ಆಗಲೂ ಕೊಡಲಿಲ್ಲ. ಕೊನೆಗೆ ಅವರೇ ತಮ್ಮದನ್ನ ನನ್ನ ಮುಂದೆ ಹಿಡಿದ್ರು. ಆಮೇಲೆ ಕೊಟ್ಟೆ."

ಅಕ್ಕ ಕೂತಲ್ಲೇ ಮುಂದಕ್ಕೆ ಸರಿದಳು.

"ಎಷ್ಟು ಹೊತ್ತು ನಿಂತಿದ್ದೆ?"

"ಜಾಸ್ತಿನೇ ನಿಂತಿದ್ದೆ ಅಕ್ಕ."

"ಹಂಗಾದ್ರೆ ನಿಜ" ಎಂದಳು ಅಕ್ಕ. "ಈಗ ನಂಬ್ತೀನಿ. ನೀನು ಕೊಟ್ಟಿದ್ದೀಯ."

ಅಷ್ಟು ಹೊತ್ತು ಸಿಕ್ಕಿದ್ದರೆ ಕುಂಟು ಕಾಲಿನವನೂ ತೂಬು ಎತ್ತಿ ಏರಿಯಿಂದ ಇಳಿದು ಗುಡ್ಡ ಸೇರುತ್ತಿದ್ದ. ಅದು ಇಬ್ಬರಿಗೂ ಗೊತ್ತಿತ್ತು. ಅಕ್ಕ ನೆಲಕ್ಕೆ ಕೈಯೂರಿ ಎದ್ದು, ಮೊಮ್ಮಗುವನ್ನು ಎತ್ತಿಕೊಂಡು, ಆಚೆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.